ಹಿರಿಯರೇ, ಸಾಕ್ಷಿ ಹೇಳಲು ಬನ್ನಿ

ಸನವಳ್ಳಿಯ ಹಿರಿಯರೇ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ಕಡೆಯ ಕ್ರೈಸ್ತ ಬಂಧುಗಳೇ, ಕಾಡಂಚಿನ ಆ ಗೌಳಿ ದಡ್ಡಿ ಯಾವ ಕಾಲದಿಂದ ಅಲ್ಲಿದೆ ಎಂಬುದು ನಿಮಗೆ ಗೊತ್ತು. ಅಲ್ಲಿಂದ ಎಮ್ಮೆ ಹಾಲು ಹೊತ್ತು ತರುತ್ತಿದ್ದವನ ಅಪ್ಪ ಯಾರು, ಅಜ್ಜ ಯಾರು, ಯಾವ ಮಳೆಗಾಲದಲ್ಲಿ ಅವರ ಕೊಟ್ಟಿಗೆ ಬಿದ್ದು ಮತ್ತೆ ಎಬ್ಬಿಸಿದರು ಎಂಬುದೂ ಗೊತ್ತು. ಸಿದ್ದಿಯರ ಮನೆಯ ಹಿಂದಿನ ಹಕ್ಕಲನ್ನು ಮೊದಲು ಹಸನು ಮಾಡಿದ ಕೈ ಯಾರದು ಎಂದು ಕೇಳಿದರೆ ನೀವು ತಡವರಿಸದೆ ಹೇಳಬಲ್ಲಿರಿ. ಯಾವ ಕಚೇರಿಯ ಕಡತದಲ್ಲೂ ಇದೆಲ್ಲ ಇಲ್ಲ. ನಿಮ್ಮ ನೆನಪಿನಲ್ಲಿ ಮಾತ್ರ ಇದೆ. ಆ ನೆನಪನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ಬರೆಸಿ, ಕೆಳಗೆ ನಿಮ್ಮ ಹೆಸರು ಹಾಕಿ. ಅದನ್ನು ಕೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಕೇಳುತ್ತಿರುವುದು ಸಣ್ಣದಲ್ಲ ಎಂಬ ಅರಿವಿಟ್ಟುಕೊಂಡೇ ಕೇಳುತ್ತಿದ್ದೇನೆ.

ಉತ್ತರ ಕನ್ನಡದ ನೆಲದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಕಾಡು. ಮುಂಡಗೋಡದಿಂದ ಪಡುವಣಕ್ಕೆ ಹೋದ ಹಾಗೆ ಅದು ದಟ್ಟವಾಗುತ್ತದೆ. ಇಲ್ಲಿಯ ಬಡವನ ಗದ್ದೆ, ಮನೆ, ಕೊಟ್ಟಿಗೆ ಎಷ್ಟೋ ಕಡೆ ಕಾಗದದ ಮೇಲೆ ಇನ್ನೂ ಅರಣ್ಯವೇ. ಮೂರು ತಲೆ ಅಲ್ಲೇ ಉತ್ತು ಉಂಡವನಿಗೂ ದಾಖಲೆಯಲ್ಲಿ ಅತಿಕ್ರಮಣದಾರ ಎಂದೇ ಹೆಸರು. ಈ ಅನ್ಯಾಯವನ್ನು ಸರಿಪಡಿಸಲು 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ತಂದಿತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಾಗದಲ್ಲಿ ಸಾಗುವಳಿ ಮಾಡುತ್ತ ಬಂದವರಿಗೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ಕೊಡಬೇಕು ಎಂದಿತು. ಪರಿಶಿಷ್ಟ ಪಂಗಡದವರಾದರೆ ಅಷ್ಟು ಸಾಕು. ಉಳಿದವರು, ಆ ತಾರೀಕಿಗೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಕಾಡನ್ನೇ ನಂಬಿ ಬದುಕಿದ್ದೇವೆ ಎಂದು ತೋರಿಸಿಕೊಡಬೇಕು.

ನಮ್ಮ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗೌಳಿಗಳ, ಕುಣಬಿಗಳ ಬೇಡಿಕೆ ಹಾಗೆಯೇ ನಿಂತಿದೆ. ಹೀಗಾಗಿ ಒಂದೇ ಹಳ್ಳದ ನೀರು ಬಳಸುವ ಎರಡು ಮನೆಗಳಲ್ಲಿ ಒಂದಕ್ಕೆ 2005ರ ಲೆಕ್ಕ, ಇನ್ನೊಂದಕ್ಕೆ 1930ರ ಲೆಕ್ಕ. ಅಂಕೋಲೆಯವರು ಉಪ್ಪಿನ ಸತ್ಯಾಗ್ರಹ ಮಾಡಿದ ವರ್ಷ ಅದು. ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಎಮ್ಮೆ ಕಟ್ಟಿಕೊಂಡು ಹುಲ್ಲು ಸಿಕ್ಕ ಕಡೆ ದಡ್ಡಿ ಹಾಕುತ್ತಿದ್ದ ಗೌಳಿಗೆ ಆ ವರ್ಷದ ರಸೀದಿ ಯಾರು ಕೊಟ್ಟಿರುತ್ತಾರೆ?

ಕಾನೂನು ಮಾಡಿದವರಿಗೂ ಇದು ಹೊಳೆದಿತ್ತು. ಆದ್ದರಿಂದಲೇ ನಿಯಮದ 13ನೇ ಕಲಮಿನಲ್ಲಿ ಪುರಾವೆಗಳ ಪಟ್ಟಿ ಕೊಡುವಾಗ ಸರ್ಕಾರಿ ದಾಖಲೆಗಳ ಜೊತೆಗೆ ಇನ್ನೊಂದನ್ನೂ ಸೇರಿಸಿದರು: ಅರ್ಜಿದಾರನಲ್ಲದ ಬೇರೆ ಹಿರಿಯರ ಹೇಳಿಕೆ, ಬರಹದಲ್ಲಿ. ಇಂಥದ್ದೇ ಕಾಗದ ಬೇಕೆಂದು ಪಟ್ಟು ಹಿಡಿಯಬಾರದು ಎಂದು 2012ರ ತಿದ್ದುಪಡಿ ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳಿಗೆ ಹೇಳಿತು. 75 ವರ್ಷದ ಮಾತು ಕಾಡಿನ ಬದುಕಿಗೆ ಸಂಬಂಧಿಸಿದ್ದು, ಅದೇ ತುಂಡು ಜಮೀನನ್ನು ಅಷ್ಟು ವರ್ಷ ಉತ್ತಿರಬೇಕೆಂದಿಲ್ಲ ಎಂದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೂ ಸ್ಪಷ್ಟಪಡಿಸಿದೆ. ಇಷ್ಟಾದರೂ ಸಾಕಷ್ಟು ಪುರಾವೆ ಇಲ್ಲ ಎಂಬ ಒಂದೇ ಸಾಲಿನಲ್ಲಿ ಅರ್ಜಿಗಳು ಬಿದ್ದುಹೋಗುತ್ತವೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಲು ರಾಜ್ಯಗಳಿಗೆ ಹೇಳಿತ್ತು. ಅದೇ ತಿಂಗಳ 28ರಂದು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ನಡುವಿನ ಆ ಹದಿನೈದು ದಿನ ಕಾಡಂಚಿನ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದಿರುತ್ತದೆ?

ಅರ್ಜಿದಾರನಲ್ಲದವನು ಎಂಬ ಮಾತನ್ನು ಗಮನಿಸಿ. ಗೌಳಿ ತನ್ನ ಪರವಾಗಿ ತಾನೇ ಎಷ್ಟು ಹೇಳಿಕೊಂಡರೂ ಈ ಜಾಗ ತುಂಬುವುದಿಲ್ಲ. ಅದನ್ನು ನೆರೆಯವನೇ ತುಂಬಬೇಕು. ಅವನ ಮನೆ ಉಳಿಯುವುದು ನೀವು ಬಾಯಿ ಬಿಡುವುದರ ಮೇಲೆ ನಿಂತಿದೆ.

ಹೇಳಿಕೆ ಬರೆಸುವುದು ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಶಾಲೆಯ ಕೋಣೆಯಲ್ಲೋ ಪಂಚಾಯ್ತಿ ಜಗಲಿಯಲ್ಲೋ ಅರಣ್ಯ ಹಕ್ಕು ಸಮಿತಿಯವರು ಕೂತಿರುತ್ತಾರೆ. ಅಜ್ಜ ಮುಂದೆ ಬಂದು ನಿಲ್ಲುತ್ತಾನೆ. ಇಸವಿ ಕೇಳಿದರೆ ಅವನಿಗೆ ಇಸವಿ ಬರುವುದಿಲ್ಲ. ಟಿಬೆಟಿಯನ್ನರು ಬಂದು ಕ್ಯಾಂಪ್ ಹಾಕುವಾಗ ಆ ದಡ್ಡಿ ಇತ್ತೋ ಇರಲಿಲ್ಲವೋ ಎಂದು ಕೇಳಿದರೆ ತಟ್ಟನೆ ಹೇಳುತ್ತಾನೆ: ಅವರು ಬರುವ ಮೊದಲೇ ಇತ್ತು, ನನ್ನ ಅಪ್ಪ ಅಲ್ಲಿಂದಲೇ ತುಪ್ಪ ತರುತ್ತಿದ್ದ. ಅವರು ಬಂದದ್ದು 1966ರಲ್ಲಿ. ಅಜ್ಜನ ನೆನಪು ಹೀಗೆ ಇಸವಿಗೆ ತಾಗುತ್ತದೆ. ಬಾವಿ, ಹಳೆಯ ಮಾವಿನಮರ, ನೆಲದಲ್ಲಿ ಹೂತ ಒರಳು, ಗದ್ದೆಯ ಒಡ್ಡು, ಒಂದೊಂದನ್ನೂ ಗುರುತು ಹೇಳುತ್ತಾನೆ. ಒಬ್ಬರು ಬರೆದುಕೊಳ್ಳುತ್ತಾರೆ, ಓದಿ ಹೇಳುತ್ತಾರೆ, ಅಜ್ಜ ಎಡಗೈ ಹೆಬ್ಬೆರಳನ್ನು ಮಸಿ ಪ್ಯಾಡಿಗೆ ಒತ್ತುತ್ತಾನೆ. ಅರ್ಧ ತಾಸಿನ ಕೆಲಸ. ಆ ಅರ್ಧ ತಾಸಿಗೆ ಜನ ಬರುವುದಿಲ್ಲ. (ಬೇರೆ ದೇಶದಿಂದ ನಿರಾಶ್ರಿತರಾಗಿ ಬಂದವರಿಗೆ ಕಾಡು ಕಡಿದು ಜಾಗ ಕೊಟ್ಟ ತಾಲ್ಲೂಕು ನಮ್ಮದು. ಕೊಟ್ಟಿದ್ದು ಸರಿ, ಅದು ನಮ್ಮ ದೊಡ್ಡತನ. ಅದೇ ದೊಡ್ಡತನ ಇಲ್ಲೇ ಹುಟ್ಟಿದವನ ಪಾಲಿಗೆ ಯಾಕೆ ಒಣಗಬೇಕು?)

1930ನ್ನು ಕಣ್ಣಾರೆ ಕಂಡವರು ಇನ್ನು ಬೆರಳೆಣಿಕೆಯಷ್ಟು ಉಳಿದಿದ್ದರೆ ಹೆಚ್ಚು. ಅವರಿಂದ ಕೇಳಿದ ನೀವು ಇದ್ದೀರಿ. ನಿಮ್ಮ ನಂತರ ಯಾರೂ ಇಲ್ಲ. ಊರಲ್ಲಿ ಒಬ್ಬ ಹಿರಿಯರು ತೀರಿಕೊಂಡ ದಿನ ಇಗರ್ಜಿಯ ಗಂಟೆ ಬಡಿಯುತ್ತದಲ್ಲ, ಆ ದಿನ ಯಾವುದೋ ದಡ್ಡಿಯ ಪುರಾವೆಯೂ ಮಣ್ಣಿಗೆ ಹೋಗುತ್ತದೆ. ನಾನು ಅವಸರ ಪಡುವುದು ಇದಕ್ಕೇ.

ನಾಬೋತನ ಕಥೆ ನಮಗೆಲ್ಲ ಗೊತ್ತಿರುವುದೇ. ಇಜ್ರೇಲಿನಲ್ಲಿ ಅರಮನೆಯ ಪಕ್ಕ ಅವನದೊಂದು ದ್ರಾಕ್ಷಿ ತೋಟ. ಅಹಾಬ ರಾಜ ಕೇಳಿದ. ಪಿತ್ರಾರ್ಜಿತ ಭೂಮಿ, ಕೊಡುವುದಿಲ್ಲ ಎಂದ ನಾಬೋತ. ರಾಣಿ ಈಜೆಬೆಲಳು ಊರ ಹಿರಿಯರಿಗೆ ಪತ್ರ ಬರೆದಳು. ಇಬ್ಬರು ಸುಳ್ಳು ಸಾಕ್ಷಿ ನುಡಿದರು, ಊರ ಹೊರಗೆ ಅವನನ್ನು ಕಲ್ಲೆಸೆದು ಕೊಂದರು. ನಾವು ಈ ಕಥೆಯಲ್ಲಿ ಈಜೆಬೆಲಳನ್ನು ಬೈಯುತ್ತೇವೆ, ಆ ಇಬ್ಬರು ದುಷ್ಟರನ್ನು ಬೈಯುತ್ತೇವೆ. ಆ ಹಿರಿಯರನ್ನು ಮರೆಯುತ್ತೇವೆ. ಅವರು ನಾಬೋತನ ಜೊತೆ ಬಾಳಿದವರು. ತೋಟ ಅವನ ತಂದೆಯ ಕಾಲದ್ದು ಎಂದು ಬಲ್ಲವರು. ಪತ್ರ ಬಂದಾಗ ಒಬ್ಬನಾದರೂ ಎದ್ದು, ಇದು ಆಗಕೂಡದು, ನಾನು ಬಲ್ಲೆ ಎಂದಿದ್ದರೆ? ಸಭೆ ಕರೆದವರು ಅವರೇ, ನಾಬೋತನನ್ನು ಮುಂದೆ ಕೂರಿಸಿದವರೂ ಅವರೇ. ಅವರ ಹೆಸರು ಕೂಡ ಗ್ರಂಥದಲ್ಲಿ ಉಳಿದಿಲ್ಲ. ಅವರ ಮೌನ ಉಳಿದಿದೆ.

ಸುಳ್ಳು ಸಾಕ್ಷಿ ಪಾಪ ಎಂದು ಚಿಕ್ಕಂದಿನಿಂದ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಯಾಜಕಕಾಂಡದ 5ನೇ ಅಧ್ಯಾಯ ತೆರೆದರೆ ಮೊದಲಿಗೇ ಇನ್ನೊಂದು ಪಾಪ ಬರುತ್ತದೆ: ಸಾಕ್ಷಿ ಹೇಳಲು ಕರೆದಾಗ, ಕಂಡದ್ದನ್ನು ತಿಳಿದದ್ದನ್ನು ಹೇಳದೆ ಸುಮ್ಮನಿದ್ದವನೂ ಅಪರಾಧಿ. ಪಾಪನಿವೇದನೆಗೆ ಹೋದಾಗ ಇದನ್ನು ನಮ್ಮಲ್ಲಿ ಎಷ್ಟು ಜನ ಹೇಳಿಕೊಂಡಿದ್ದೇವೆ?

ಇನ್ನು ಸಿದ್ದಿಯರ ಮಾತು. ಕ್ರೈಸ್ತರಾಗಿ ನಾವು ಇದನ್ನು ತಲೆ ತಗ್ಗಿಸಿ ಆಡಬೇಕು. ಅವರ ಪೂರ್ವಜರಲ್ಲಿ ಬಹಳಷ್ಟು ಜನರನ್ನು ಆಫ್ರಿಕಾದ ಮೂಡಣ ಕರಾವಳಿಯಿಂದ ಹಡಗಿನಲ್ಲಿ ಗೋವೆಗೆ ತಂದವರು ಪೋರ್ಚುಗೀಸರು. ಆ ಹಡಗುಗಳ ಹಾಯಿಯ ಮೇಲೆ ಶಿಲುಬೆ ಇತ್ತು. ಅನ್ಯಧರ್ಮೀಯರನ್ನು ಗೆದ್ದು ಗುಲಾಮರಾಗಿಸಿಕೊಳ್ಳಲು ಪೋರ್ಚುಗಲ್ ದೊರೆಗೆ 1452ರಲ್ಲಿ ಅನುಮತಿ ಕೊಟ್ಟವರು ಪೋಪ್ 5ನೇ ನಿಕೋಲಾಸ್. ಗೋವೆಯ ಕಾನ್ವೆಂಟುಗಳಲ್ಲೂ ಗುಲಾಮರಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಇಲ್ಲಿಯೂ ಸಾಲ, ಮುಂಗಡ, ಜೀತ ಅವರನ್ನು ಬಿಡಲಿಲ್ಲ. ಇಂದು ಹಳಿಯಾಳ, ಮುಂಡಗೋಡ ಕಡೆ ಕೊಂಕಣಿ ಆಡುತ್ತ ನಮ್ಮ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥಿಸುವ ಸಿದ್ದಿ ಅಕ್ಕನ ಹೆಸರಿನ ಹಿಂದೆ ಈ ಚರಿತ್ರೆ ಇದೆ. 1992ರ ಫೆಬ್ರವರಿಯಲ್ಲಿ ಪೋಪ್ 2ನೇ ಜಾನ್ ಪಾಲ್ ಸೆನೆಗಲ್ಲಿನ ಗೋರೆ ದ್ವೀಪಕ್ಕೆ ಹೋಗಿ, ಗುಲಾಮರನ್ನು ಹಡಗು ಹತ್ತಿಸುತ್ತಿದ್ದ ಮನೆಯಲ್ಲಿ ನಿಂತು, ಈ ಪಾಪಕ್ಕೆ ಕ್ಷಮೆ ಬೇಡಿದರು. 2023ರ ಮಾರ್ಚಿನಲ್ಲಿ ವ್ಯಾಟಿಕನ್ ಆ ಹಳೆಯ ಅನುಮತಿ ಪತ್ರಗಳ ಹಿಂದಿನ ಸಿದ್ಧಾಂತವನ್ನೇ ತಿರಸ್ಕರಿಸಿತು. ಗೋರೆಯಲ್ಲಿ ಆಡಿದ ಕ್ಷಮೆಯ ಮಾತಿಗೆ ಮುಂಡಗೋಡ ತಾಲ್ಲೂಕಿನಲ್ಲಿ ಬೆಲೆ ಬರಬೇಕಾದರೆ ಅದು ಒಂದು ಹಕ್ಕುಪತ್ರವಾಗಿ ಸಿದ್ದಿ ಮನೆಯ ಟ್ರಂಕಿನೊಳಗೆ ಸೇರಬೇಕು. ಆ ಕೆಲಸ ಪೋಪರದ್ದಲ್ಲ, ನಮ್ಮದು.

ಶಿಲುಬೆಯ ಹಾದಿಯ ಐದನೆಯ ಸ್ಥಳದಲ್ಲಿ ಪ್ರತಿ ತಪಸ್ಸುಕಾಲದಲ್ಲೂ ನಾವು ನಿಲ್ಲುತ್ತೇವೆ. ಕುರೇನ್ಯದ ಸೀಮೋನ ಆಫ್ರಿಕಾದ ಊರಿನವನು. ಹಾದಿಯಲ್ಲಿ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ಪ್ರಭುವಿನ ಶಿಲುಬೆ ಹೊರಿಸಿದರು. ನಮ್ಮ ಸಿದ್ದಿಯರೂ ಅವರಾಗಿ ಆರಿಸಿಕೊಳ್ಳದ ಭಾರವನ್ನು ತಲೆತಲಾಂತರ ಹೊತ್ತವರು. ಇನ್ನು ಹೊರುವ ಸರದಿ ಯಾರದು?

ಸಿದ್ದಿ ಬಂಧುಗಳೇ, ನಿಮ್ಮೊಂದಿಗೂ ಒಂದು ಮಾತು ಇದೆ, ಪ್ರೀತಿಯಿಂದ ಕೇಳಿಸಿಕೊಳ್ಳಿ. ಹಕ್ಕುಪತ್ರ ಕೈಗೆ ಬಂದ ಮನೆಗಳು ನಿಮ್ಮಲ್ಲಿವೆ. ಪಕ್ಕದ ಗೌಳಿ ಅಣ್ಣನಿಗೆ ಬಂದಿಲ್ಲ. ಅವನು ನಮ್ಮ ಇಗರ್ಜಿಯವನಲ್ಲ, ನಮ್ಮ ಜಾತಿಯವನಲ್ಲ ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದಲ್ಲಿದ್ದು ಒಂದೇ ಕುಲವಾಗಿ ಬಾಳುವುದನ್ನು ಈ ಸೀಮೆಗೆ ಕಲಿಸಿದವರು ನೀವು. ಅವನ ಪರವಾಗಿ ಸಾಕ್ಷಿ ಹೇಳಲು ನಿಮಗಿಂತ ಯೋಗ್ಯರು ಇಲ್ಲ.

ಕೆನರಾ ಪ್ರಾಂತ್ಯವನ್ನು 1681ರಿಂದ ಮೂರು ವರ್ಷ ನಡೆದು ಸುತ್ತಿದ ಒಬ್ಬ ಗುರುವಿದ್ದರು, ಸಂತ ಜೋಸೆಫ್ ವಾಜ್, ಗೋವೆಯವರು. ಮುಂದೆ ಸಿಂಹಳಕ್ಕೆ ಹೋದರು. 1697ರಲ್ಲಿ ಕ್ಯಾಂಡಿ ಪಟ್ಟಣಕ್ಕೆ ಸಿಡುಬು ಬಂದಾಗ ರಾಜನೂ ಊರು ಬಿಟ್ಟ, ಉಳ್ಳವರೂ ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟು ಬಂದರು. ವಾಜ್ ಹೋಗಲಿಲ್ಲ. ಜೊತೆಯ ಗುರು ಜೋಸೆಫ್ ಕಾರ್ವಾಲ್ಯೊ ಅವರೊಂದಿಗೆ ನಿಂತು ರೋಗಿಗಳಿಗೆ ಗುಡಿಸಲು ಮಾಡಿದರು, ತೊಳೆದರು, ಉಣಿಸಿದರು, ಸತ್ತವರನ್ನು ಹೂತರು. ಆ ರೋಗಿಗಳಲ್ಲಿ ಬೌದ್ಧರೇ ಹೆಚ್ಚು. ಅದೇ ಊರು ಕೆಲವು ವರ್ಷ ಹಿಂದೆ ವಾಜ್ ಅವರನ್ನು ಗೂಢಚಾರ ಎಂದು ಸೆರೆಯಲ್ಲಿಟ್ಟಿತ್ತು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದಾಗ ನಮ್ಮ ಕರಾವಳಿಯೂ ಸಂಭ್ರಮಿಸಿತು. ಆ ಸಂಭ್ರಮಕ್ಕೆ ತಕ್ಕ ನಡತೆ ಬೇಡವೇ? ನಿಮ್ಮಿಂದ ಕೇಳುತ್ತಿರುವುದು ಪ್ರಾಣವಲ್ಲ, ಒಂದು ದಿನದ ಕೂಲಿ ಮತ್ತು ಒಂದಿಷ್ಟು ನಿಷ್ಠುರ.

ಆ ನಿಷ್ಠುರವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ನಾಳೆ ಸೌದೆಗೆ ಹೋದಾಗ ಗಾರ್ಡ್ ಮುಖ ನೋಡಬೇಕು. ಕೆಲಸ ಕೊಡುವ ಒಡೆಯರಿಗೆ ಆ ಜಾಗದ ಮೇಲೆಯೇ ಕಣ್ಣಿರಬಹುದು. ಮಗನ ಸಾಲಕ್ಕೆ ಸೊಸೈಟಿಯಲ್ಲಿ ಸಹಿ ಹಾಕಬೇಕಾದವರು ಮುನಿಸಿಕೊಳ್ಳಬಹುದು. ನಿನಗ್ಯಾಕೆ ಬೇಕಿತ್ತು ಎಂದು ಮನೆಯವರೇ ಕೇಳಬಹುದು. ಇವೆಲ್ಲ ನಿಜವಾದ ಭಯಗಳು. ಪೇತ್ರನೂ ಬೆಂಕಿ ಕಾಯಿಸುತ್ತ ಕೂತಲ್ಲಿ ಒಬ್ಬ ದಾಸಿಯ ಮಾತಿಗೆ ಹೆದರಿದ. ಆದರೆ ಒಬ್ಬಂಟಿಯಾಗಿ ಹೋದರೆ ಹೆದರಿಕೆ, ಹತ್ತು ಜನ ಒಟ್ಟಿಗೆ ಹೋದರೆ ಅದು ಊರಿನ ಮಾತು. ಅದಕ್ಕೇ ಈ ಕರೆಯನ್ನು ಒಬ್ಬರ ಕಿವಿಯಲ್ಲಿ ಹೇಳದೆ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಇದೇ ಧೈರ್ಯ ಇನ್ನೊಂದು ಕಡೆಗೂ ಬೇಕು. 2005ರ ನಂತರ ಜೆಸಿಬಿ ತಂದು ಕಾಡು ಬಗೆದವರು ಬಂದು, ನಮ್ಮ ತಾತನ ಕಾಲದ ಜಮೀನು ಎಂದು ಬರೆದುಕೊಡಿ ಎಂದರೆ, ಇಲ್ಲ ಎನ್ನಬೇಕು. ಅವರು ನಮ್ಮ ಧರ್ಮಕೇಂದ್ರದವರೇ ಇರಲಿ, ಹಬ್ಬಕ್ಕೆ ದೊಡ್ಡ ದೇಣಿಗೆ ಕೊಟ್ಟವರೇ ಇರಲಿ. ನಿಮ್ಮದೊಂದು ಸುಳ್ಳು ಹೇಳಿಕೆ ಹತ್ತು ನಿಜವಾದ ಹೇಳಿಕೆಗಳ ಬೆಲೆ ಕಳೆಯುತ್ತದೆ. ಕಾಡು ಹಾಳಾಗುತ್ತದೆ ಎಂದು ಹೆದರುವವರಿಗೂ ನನ್ನ ಉತ್ತರ ಇದೇ: ಕಾಯ್ದೆ ಹಕ್ಕಿನ ಜೊತೆಗೇ ಕಾಡು ಕಾಯುವ ಹೊಣೆಯನ್ನೂ ಗ್ರಾಮಸಭೆಗೆ ಕೊಟ್ಟಿದೆ. ಯಾರು ಹಳಬರು, ಯಾರು ಮೊನ್ನೆ ಬಂದವರು ಎಂದು ಬಿಡಿಸಿ ಹೇಳಬಲ್ಲವರು ಊರ ಹಿರಿಯರೇ.

ಫಾದರ್‌ಗಳಲ್ಲಿ, ಸಿಸ್ಟರ್‌ಗಳಲ್ಲಿ ಒಂದು ವಿನಂತಿ. ನಿಮ್ಮ ಕಪಾಟಿನಲ್ಲಿ ಜ್ಞಾನಸ್ನಾನ, ಮದುವೆ, ಮರಣದ ಹಳೆಯ ಪುಸ್ತಕಗಳಿವೆ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಊರು, ತಾರೀಕು ಅದರಲ್ಲಿದೆ. ಬಡವನಿಗೆ ಕೆಲವೊಮ್ಮೆ ಅವನ ಕುಟುಂಬದ ಹೆಸರಿರುವ ಅತ್ಯಂತ ಹಳೆಯ ಕಾಗದ ಅದೇ. ಕೇಳಿಕೊಂಡು ಬಂದವನನ್ನು ಮತ್ತೆ ಬಾ ಎಂದು ಕಳಿಸಬೇಡಿ. ಆ ಪುಟ ಹುಡುಕಿ, ನಕಲು ಮಾಡಿ, ಮೊಹರು ಹಾಕಿ ಕೊಡಿ. ನಿಮ್ಮ ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಗೌಳಿ ಮಕ್ಕಳ ಹೆಸರೂ ಇರಬಹುದು. ಅದನ್ನೂ ಹುಡುಕಿ.

ಯುವಕರೇ, ಬರೆಯಲು ಬರುವವರು ನೀವು. ಈ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಒಂದು ಬೆಂಚು ಹಾಕಿ. ಅಜ್ಜ ಅಜ್ಜಿಯರನ್ನು ಕೂರಿಸಿ ಯಾವ ದಡ್ಡಿ, ಯಾರ ಮನೆ, ಯಾವ ಕಾಲದ್ದು ಎಂದು ಕೇಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ, ಓದಿ ಕೇಳಿಸಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ. ಯಾರ ಅರ್ಜಿ ತಿರಸ್ಕೃತವಾಗಿದೆ ಎಂದು ಮನೆಮನೆಗೆ ಹೋಗಿ ವಿಚಾರಿಸಿ. ಕಾರಣವನ್ನು ಬರಹದಲ್ಲಿ ತಿಳಿಸಲೇಬೇಕು ಎಂಬ ನಿಯಮ ಇದೆ. ತಿಳಿದ 60 ದಿನದೊಳಗೆ ಉಪವಿಭಾಗ ಇಲ್ಲವೇ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಬಹುದು. ಗ್ರಾಮಸಭೆಯ ತಾರೀಕು ಗೊತ್ತಾದ ದಿನವೇ ಹಿರಿಯರನ್ನು ಕರೆದೊಯ್ಯಲು ಗಾಡಿ ಗೊತ್ತು ಮಾಡಿ. ಅಂದು ಸನವಳ್ಳಿಯಿಂದ ಹೊರಡುವವರು ದಾರಿಯಲ್ಲಿ ಗೌಳಿ ಅಣ್ಣನನ್ನೂ ಹತ್ತಿಸಿಕೊಳ್ಳಿ. ಅವನ ಹೆಸರು ಕರೆದಾಗ ಅವನಿಗಿಂತ ಮೊದಲು ನೀವು ಏಳಿ.