ಪಠ್ಯಪುಸ್ತಕವನ್ನು ಮಕ್ಕಳ ಕೈಗೆ ವಾಪಸ್ ಕೊಡಿ!

ಊರಿನ ತಂದೆ-ತಾಯಂದಿರೇ,

ಮೊನ್ನೆ ಸೋಮವಾರ ಶಾಲೆಯಲ್ಲಿ ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಜೆರಾಕ್ಸ್ ಕಟ್ಟು ಕೊಟ್ಟಿದ್ದಾರೆ. 40 ಪುಟ. ಮೇಲೆ ದಪ್ಪಕ್ಷರದಲ್ಲಿ ‘ಪಾಸಿಂಗ್ ಪ್ಯಾಕೇಜ್’. ಇನ್ನು ಪರೀಕ್ಷೆಯವರೆಗೆ ಕನ್ನಡ ಪುಸ್ತಕ ತರುವುದೇ ಬೇಡ, ಇದನ್ನು ಉರು ಹೊಡೆದರೆ ಸಾಕು ಎಂಬ ಅಪ್ಪಣೆಯೂ ಆಗಿದೆ. ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಂಡಿದ್ದಾರೆ!

ಅವತ್ತು ರಾತ್ರಿ ನನ್ನ ಮಗಳು ಕುಮಾರವ್ಯಾಸನ ಕರ್ಣನ ಪದ್ಯಕ್ಕೆ ಉತ್ತರ ಬಾಯಿಪಾಠ ಮಾಡುತ್ತಿದ್ದಳು. ಆಯ್ಕೆ, ಸಂದರ್ಭ, ಸ್ವಾರಸ್ಯ. ಸ್ವಾರಸ್ಯದ ಮುಂದೆ, ‘ಕರ್ಣನ ಸ್ವಾಮಿನಿಷ್ಠೆ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಪುಟ ತಿರುಗಿಸಿ ನೋಡಿದೆ. ಪು.ತಿ.ನ. ಅವರ ಶಬರಿಗೂ ಅದೇ ವಾಕ್ಯ. ಸ್ವಾಮಿನಿಷ್ಠೆ ಇದ್ದ ಜಾಗದಲ್ಲಿ ಭಕ್ತಿ, ಅಷ್ಟೇ. “ರಾಜ್ಯವೇ ಸಿಗುತ್ತಿತ್ತಲ್ಲ, ಕರ್ಣ ಯಾಕೆ ಪಾಂಡವರ ಕಡೆ ಹೋಗಲಿಲ್ಲ ಪುಟ್ಟಿ?” ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು: “ಅದು ಪರೀಕ್ಷೆಗೆ ಬರಲ್ಲಪ್ಪ.”

ನನ್ನ ಮಗಳ ತಪ್ಪೇನೂ ಇಲ್ಲ. ಹತ್ತು ವರ್ಷ ಕಲಿಸಿದ್ದೇ ಅದನ್ನು.

ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಆದರೂ ಗುಡಿಯ ಜಗಲಿಯಲ್ಲಿ ಕುಮಾರವ್ಯಾಸನ ಭಾರತ ಓದಿಸುತ್ತಿದ್ದರು. ಗಮಕಿಯ ವಾಚನ, ಪಕ್ಕದಲ್ಲೇ ಇನ್ನೊಬ್ಬರ ವ್ಯಾಖ್ಯಾನ. ಒಂದು ಷಟ್ಪದಿ ಹಾಡಿ ನಿಲ್ಲಿಸುವುದು, ಪದ ಬಿಡಿಸುವುದು, ಅರ್ಥ ಹೇಳುವುದು, ಆಮೇಲೆ ಮುಂದಿನ ಪದ್ಯ. ಕರ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಜಗಳ! ಅಕ್ಷರ ಬಾರದವರಿಗೆ ದಕ್ಕಿದ ಆ ಓದು ಅಕ್ಷರ ಬಲ್ಲ ನಮ್ಮ ಮಕ್ಕಳಿಗೆ ಯಾಕಿಲ್ಲ?

ತರಗತಿಯಲ್ಲಿ ಅಂಥ ಓದು ಹೇಗೆ? ಮಕ್ಕಳ ಪುಸ್ತಕದಲ್ಲಿರುವ ಹಲಗಲಿಯ ಬೇಡರ ಲಾವಣಿಯನ್ನೇ ತೆಗೆದುಕೊಳ್ಳಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದರು, ಬೇಡರು ಕೊಡಲಿಲ್ಲ. ಮಗುವನ್ನು ಕೇಳಿ: ಯಾಕೆ ಕೊಡಲಿಲ್ಲ? ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸು. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಈ ಲಾವಣಿ ಕಟ್ಟಿದವನು ಯಾರ ಪಕ್ಷ, ಯಾವ ಮಾತಿನಿಂದ ಗೊತ್ತಾಯಿತು? ಇಷ್ಟು ಕೇಳಲು ಸ್ಮಾರ್ಟ್ ಬೋರ್ಡ್ ಬೇಡ, ಅನುದಾನ ಬೇಡ. ಒಂದು ಪುಸ್ತಕ, ಒಂದು ಪೆನ್ಸಿಲ್, ಮಗು ಬಾಯಿ ಬಿಡುವವರೆಗೆ ಕಾಯುವ ತಾಳ್ಮೆ ಬೇಕು. ಆ ಪುಸ್ತಕವನ್ನೇ ಕಿತ್ತುಕೊಂಡಿದ್ದಾರೆ!

ಪೋರ್ಷನ್ ಮುಗಿಯಬೇಕಲ್ಲ ಎನ್ನುತ್ತಾರೆ. ಜೂನ್‌ನಿಂದ ಮುಗಿಸಿದ್ದೇನು ಸ್ವಾಮಿ? ಮಕ್ಕಳ ಓದಿನ ಆಸೆ ಮುಗಿದಿದೆ, ಅದು ನಿಜ. ಮಕ್ಕಳಿಗೆ ಅಷ್ಟು ಬುದ್ಧಿ ಇಲ್ಲ ಎನ್ನುತ್ತಾರೆ. ಸಿನಿಮಾ ನೋಡಿ ಬಂದು ವಿಲನ್ ಯಾಕೆ ಹಾಗೆ ಮಾಡಿದ ಎಂದು ಗಂಟೆಗಟ್ಟಲೆ ವಾದ ಮಾಡುವ ಮಕ್ಕಳಿಗೆ ಬುದ್ಧಿ ಇಲ್ಲವಂತೆ!

ಇನ್ನು ದೊಡ್ಡವರ ವಿಷಯ. ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂದು 2022ರಲ್ಲಿ ನಾಡೆಲ್ಲ ಹೊಡೆದಾಡಿತು. ಮರುವರ್ಷ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಎರಡೂ ಪಾಳಯದ ಪಂಡಿತರನ್ನು ಕೇಳುತ್ತೇವೆ: ನೀವು ಸೇರಿಸಿದ ಪಾಠವನ್ನಾಗಲಿ, ಉಳಿಸಿಕೊಂಡ ಪಾಠವನ್ನಾಗಲಿ ತರಗತಿಯಲ್ಲಿ ಓದಿಸುತ್ತಿದ್ದಾರೆಯೇ ಎಂದು ಒಂದು ದಿನವಾದರೂ ಬಂದು ನೋಡಿದಿರಾ? ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕೆಂದು ಬೀದಿಗಿಳಿದವರೇ, ಆ ಬೋರ್ಡು ಬಿಟ್ಟು ಬೇರೇನನ್ನೂ ಓದಲಾಗದ ಮಕ್ಕಳು ನಿಮ್ಮ ಮನೆಯಲ್ಲೇ ಬೆಳೆಯುತ್ತಿದ್ದಾರೆ!

ಹೋದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ಕನ್ನಡದಲ್ಲಿ 125ಕ್ಕೆ 110 ತೆಗೆದ. ಅವನ ತಾಯಿ ಸೊಸೈಟಿಯಿಂದ ಬಂದ ಸಾಲದ ನೋಟಿಸ್ ಕೈಗಿಟ್ಟರು. ಪಟಪಟನೆ ಓದಿದ. “ಕಟ್ಟಬೇಕಾ, ಮನ್ನಾ ಆಗಿದೆಯಾ?” ಎಂದು ಕೇಳಿದ್ದಕ್ಕೆ ಸುಮ್ಮನೆ ನಿಂತ. ಆ ತಾಯಿ ನೋಟಿಸ್ ಮಡಚಿಕೊಂಡು ಪಕ್ಕದ ಮನೆಗೆ ಹೋದರು. ನಾಳೆ ಪಹಣಿ, ಕರಾರುಪತ್ರ, ಔಷಧಿಯ ಚೀಟಿ ಎಲ್ಲಕ್ಕೂ ಪಾಸಿಂಗ್ ಪ್ಯಾಕೇಜ್ ಯಾರು ಕೊಡುತ್ತಾರೆ?

ಮೇಷ್ಟ್ರೇ, ಮೇಡಂ, ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ನಿಮಗೆ ಎಂಬುದು ನಮಗೆ ಗೊತ್ತು. ನಿಮ್ಮ ಮೇಲೆ ನಮಗೆ ಹಗೆಯಿಲ್ಲ. ನಮ್ಮ ಜೊತೆ ನಿಲ್ಲಿ. ಓದು ತರಗತಿಗೆ ಮರಳಬೇಕು; ಹೇಗೆ ಎಂಬುದನ್ನು ಕೂತು ಮಾತಾಡೋಣ.

ಬರುವ ಶನಿವಾರ ಬೆಳಗ್ಗೆ 10ಕ್ಕೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ಅರ್ಧ ದಿನದ ಕೂಲಿ ಹೋದರೂ ಬನ್ನಿ. ಬರುವಾಗ ಮಗುವಿನ ಕನ್ನಡ ಪುಸ್ತಕ ಕೈಯಲ್ಲಿರಲಿ. ಜೆರಾಕ್ಸ್ ಕಟ್ಟು ಮನೆಯಲ್ಲೇ ಇರಲಿ.

— ಹತ್ತನೇ ತರಗತಿಯ ಮಕ್ಕಳ ತಂದೆ-ತಾಯಂದಿರ ಪರವಾಗಿ ಒಬ್ಬ ತಂದೆ