ಕದ ತಟ್ಟೋದು ಯಾರು?

ಮೊನ್ನೆ ರಾತ್ರಿ ರೂಮಿನಲ್ಲಿ ಒಬ್ಬನೇ ಕೂತು ಹಿಡಿಯೋ ನಕಾಟಾ ನಿರ್ದೇಶನದ ಜಪಾನಿ ಸಿನಿಮಾ 'ಡಾರ್ಕ್ ವಾಟರ್' (2002) ನೋಡಿದೆ. ರಕ್ತ ಇಲ್ಲ, ಕಿರುಚಾಟವೂ ಕಮ್ಮಿ. ಹಳೇ ಅಪಾರ್ಟ್‌ಮೆಂಟು, ನೀರು ತೊಟ್ಟಿಕ್ಕುವ ಚಾವಣಿ, ತಾಯಿ, ಪುಟ್ಟ ಮಗಳು. ಕೊನೆಗೆ ತಾಯಿ ಮಗಳನ್ನು ಕರಕೊಂಡು ಲಿಫ್ಟಿಗೆ ಓಡುತ್ತಾಳೆ. ನೋಡಿದರೆ ಮಗಳು ಈಗಷ್ಟೇ ಮನೆಯಿಂದ ಹೊರಗೆ ಬರ್ತಿದಾಳೆ. ಹಾಗಾದ್ರೆ ಪಕ್ಕದಲ್ಲಿರೋದು ಯಾರು?

(ಗುಟ್ಟು ಹೇಳಿಬಿಟ್ಟೆ, ಬೈಕೋಬೇಡಿ...)

ತಕ್ಷಣ ನೆನಪಾದದ್ದು ಕೊಂಡ್ಲಹಳ್ಳಿಯ ನಮ್ಮಜ್ಜಿ ಮನೆ ಬಾಗಿಲು. ನಾನು ಹುಟ್ಟೋ ಮುಂಚೆ ಬರೆದಿದ್ದ, ಮಾಸಿದ ಅಕ್ಷರದ 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲೆಲ್ಲ ಹಬ್ಬಿದ್ದ ಭಯವದು. ದೆವ್ವ ಗೊತ್ತಿರೋರ ದನಿಯಲ್ಲೇ ಕರೆಯುತ್ತೆ, ಕದ ತೆಗೆದರೆ ಮುಗೀತು! 2018ರ ಹಿಂದಿ 'ಸ್ತ್ರೀ' ಇದನ್ನೇ ಹಿಡಿದು ಜನರನ್ನ ನಗಿಸಿತು. ನನಗ್ಯಾಕೋ ನಗು ಬರಲಿಲ್ಲ.

ಮುಖ ಮುಚ್ಚಿದ ಕೂದಲು, ದಢಾರ್ ಅನ್ನೋ ಸದ್ದು, ಇವೆಲ್ಲ ಎರಡು ನಿಮಿಷದ ಭಯ. ನಮಗೆ ಬೇಕಾದವರ ಹಾಗೆ ಬರೋದೇ ನಿಜಕ್ಕೂ ಹೆದರಿಸೋದು. ಯಾಕಂದ್ರೆ ಬಾಗಿಲು ತೆಗೆಯೋಕೆ ನಮಗೇ ಮನಸ್ಸಿರುತ್ತೆ.

ಅಜ್ಜಿ ತೀರಿಕೊಂಡು ಎರಡು ವರ್ಷ ಆಯ್ತು. ಇವತ್ತು ರಾತ್ರಿ ಹೊರಗಿಂದ ಅವಳ ದನಿ "ಕದ ತೆಗಿಯಪ್ಪಾ" ಅಂದರೆ, ನಾಳೆ ಬಾ ಅನ್ನೋಕೆ ನನ್ನಿಂದ ಆಗುತ್ತಾ?

ನೀವಾಗಿದ್ದರೆ?