ಟನ್ನಿನ ಲೆಕ್ಕ, ತಲೆಯ ಲೆಕ್ಕ

ಜಲಾಂತರ್ಗಾಮಿಗಳ ಯುದ್ಧಚರಿತ್ರೆಯನ್ನು ಓದುವ ಗೀಳು ನಮ್ಮ ವಿದ್ಯಾವಂತರಲ್ಲಿ ಹಲವರಿಗುಂಟು. ಮೊನ್ನೆ ಕಾಲೇಜಿನಲ್ಲಿ ಮಿತ್ರರೊಬ್ಬರು, ಜರ್ಮನ್ ಕಪ್ತಾನ ಆಟೋ ಕ್ರೆಚ್ಮರ್ ಎರಡೂವರೆ ಲಕ್ಷ ಟನ್ನಿಗೂ ಮೀರಿ ಹಡಗು ಮುಳುಗಿಸಿದ್ದನ್ನು ಕ್ರಿಕೆಟ್ಟಿನ ರನ್ನು ಹೇಳುವ ಹುಮ್ಮಸ್ಸಿನಲ್ಲಿ ಹೇಳಿದರು. “ಆ ಹಡಗುಗಳಲ್ಲಿ ಜನ ಎಷ್ಟಿದ್ದರು?” ಎಂದೆ. “ನಾನು ಓದಿದ ಪುಸ್ತಕದಲ್ಲಿ ಅದಿಲ್ಲ, ಮೇಷ್ಟ್ರೇ” ಎಂದರು. ನನ್ನ ಜಗಳ ಮಿತ್ರರೊಡನೆ ಅಲ್ಲ, ಅಂಥ ಪುಸ್ತಕಗಳೊಡನೆ.

1940ರ ಸೆಪ್ಟೆಂಬರ್ 17ರ ರಾತ್ರಿ ಯು-48 ಎಂಬ ಜಲಾಂತರ್ಗಾಮಿ ಅಟ್ಲಾಂಟಿಕ್ ಸಾಗರದಲ್ಲಿ ಹಡಗೊಂದನ್ನು ಮುಳುಗಿಸಿತು. ಕಪ್ತಾನನ ಖಾತೆಗೆ ಜಮೆಯಾದದ್ದು 11,081 ಟನ್. ಹಡಗಿನ ಹೆಸರು ‘ಸಿಟಿ ಆಫ್ ಬೆನಾರಿಸ್’. ಬಾಂಬುಗಳಿಂದ ಪಾರಾಗಲೆಂದು ಬ್ರಿಟನ್ನಿನಿಂದ ಕೆನಡಾಕ್ಕೆ ಸರ್ಕಾರವೇ ಕಳಿಸಿದ್ದ 90 ಮಕ್ಕಳು ಅದರಲ್ಲಿದ್ದರು, ಸತ್ತವರು 77. ಹಡಗಿಗೆ ನಮ್ಮ ಕಾಶಿಯ ಹೆಸರು. ನಾವಿಕರಲ್ಲಿಯೂ ಬಹುಪಾಲು ನಮ್ಮ ದೇಶದವರೇ. ಅವರಲ್ಲಿ ಸುಮಾರು ನೂರು ಮಂದಿ ಮರಳಲಿಲ್ಲ. 46 ಜನರಿದ್ದ ಒಂದು ದೋಣಿ ಎಂಟು ದಿನ ಕಡಲಲ್ಲಿ ಅಲೆದು ಬದುಕಿಬಂದಿತು. ಅದರಲ್ಲಿದ್ದ ಆರು ಬಾಲಕರನ್ನೂ, ಅವರನ್ನು ಸಲಹಿದ ಸಂಗೀತ ಶಿಕ್ಷಕಿ ಮೇರಿ ಕಾರ್ನಿಷ್ ಅವರನ್ನೂ ಲೋಕ ನೆನೆಯುತ್ತದೆ; ನೆನೆಯಬೇಕಾದದ್ದೇ. ಆದರೆ ದೋಣಿಯಲ್ಲಿ ಹೆಚ್ಚಿನವರು ಭಾರತೀಯರು. ಅವರಿಗೆಲ್ಲ ಸೇರಿ ದೊರೆತದ್ದು ‘ಲಾಸ್ಕರರು’ ಎಂಬ ಒಂದೇ ಮಾತು!

ಇದು ಜರ್ಮನರ ಕ್ರೌರ್ಯವೆಂದು ಕೈತೊಳೆದುಕೊಳ್ಳುವಂತಿಲ್ಲ. 1944ರ ಆಗಸ್ಟ್ 22ರಂದು ಅಮೆರಿಕದ ‘ಬೋಫಿನ್’ ಮುಳುಗಿಸಿದ ‘ತ್ಸುಶಿಮಾ ಮಾರು’ ಹಡಗಿನಲ್ಲಿಯೂ ಮಕ್ಕಳೇ ಇದ್ದರು. ಓಕಿನಾವಾದಿಂದ ಹೊರಟ ಶಾಲೆಯ ಮಕ್ಕಳು. ಏಳುನೂರಕ್ಕೂ ಹೆಚ್ಚು ಎಳೆಯರು ನೀರುಪಾಲಾದರು. ವ್ಯಾಪಾರಿ ಹಡಗನ್ನು ಮುಳುಗಿಸುವ ಮೊದಲು ಜನರನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಬೇಕೆಂದು 1936ರ ಲಂಡನ್ ಒಪ್ಪಂದ ವಿಧಿಸಿತ್ತು. ಯುದ್ಧ ಬಂದಾಗ ಅದನ್ನು ಪಾಲಿಸಿದವರು ಯಾರು? ಜಪಾನಿನ ವಿರುದ್ಧ ಮೊದಲ ದಿನದಿಂದಲೇ ಅನಿರ್ಬಂಧ ಯುದ್ಧ ನಡೆಸಿದೆವೆಂದು ಅಮೆರಿಕದ ಅಡ್ಮಿರಲ್ ನಿಮಿಟ್ಸ್ ನ್ಯೂರೆಂಬರ್ಗ್ ನ್ಯಾಯಮಂಡಲಿಗೆ ಒಪ್ಪಿಕೊಟ್ಟರು. ಅದನ್ನೂ ಗಣಿಸಿದ ಮಂಡಲಿ 1946ರಲ್ಲಿ, ಜರ್ಮನ್ ಅಡ್ಮಿರಲ್ ಡೋನಿಟ್ಸ್‌ಗೆ ಕೊಟ್ಟ ಶಿಕ್ಷೆಗೆ ಜಲಾಂತರ್ಗಾಮಿ ನಿಯಮಗಳ ಉಲ್ಲಂಘನೆಯನ್ನು ಆಧಾರ ಮಾಡಿಕೊಳ್ಳಲಿಲ್ಲ.

“ಟನ್ನಿನ ಲೆಕ್ಕವಿಲ್ಲದೆ ಆ ಯುದ್ಧ ಅರ್ಥವಾಗದು” ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ. ಬ್ರಿಟನ್ ಹಡಗು ಕಟ್ಟುವುದಕ್ಕಿಂತ ಬೇಗ ಮುಳುಗಿಸಬೇಕೆಂಬುದೇ ಡೋನಿಟ್ಸ್‌ನ ಹೂಟ. ಸೇನಾಪತಿಗೆ ಆ ಲೆಕ್ಕ ಬೇಕು. ಆದರೆ ಬೆಚ್ಚಗೆ ಕುಳಿತು ಓದುವ ನಾವೇಕೆ ಸೇನಾಪತಿಯ ಕಣ್ಣನ್ನು ಸಾಲ ತರಬೇಕು? ಆ ಕಣ್ಣಿಗೆ ತನ್ನವರೂ ಕಾಣಲಿಲ್ಲ. ಜರ್ಮನ್ ಜಲಾಂತರ್ಗಾಮಿಗಳಲ್ಲಿ ಸೇವೆ ಸಲ್ಲಿಸಿದ ಸುಮಾರು 40,000 ಜನರಲ್ಲಿ ಮುಕ್ಕಾಲುಪಾಲು ಸತ್ತರು. ಬೇಟೆಗಾರನ ಸಾಹಸವೆಂದು ನಾವು ಓದುವುದು ಬೇಟೆಗಾರನ ಚರಮಗೀತೆಯೂ ಹೌದು.

ಮುಂಬಯಿಯ ನಾವಿಕರ ವಸತಿಗೃಹದಲ್ಲಿ ಒಂದು ಪುಸ್ತಕವಿದೆ. ಚಿತ್ತಗಾಂಗಿನಲ್ಲಿ ಅದರ ಜೋಡಿ. 1939-45ರಲ್ಲಿ ಕಡಲಲ್ಲಿ ಮಡಿದು ಗೋರಿಯೂ ಇಲ್ಲದ ಆರು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳು ಅದರಲ್ಲಿವೆ. ಹೆಚ್ಚಿನವರು ವ್ಯಾಪಾರಿ ಹಡಗುಗಳ ದುಡಿಮೆಗಾರರು. ಅದರಲ್ಲಿ ಸಾಹಸವಿಲ್ಲ, ಟನ್ನುಗಳಿಲ್ಲ. ಜಲಾಂತರ್ಗಾಮಿ ಯುದ್ಧವನ್ನು ಬಲ್ಲೆನೆನ್ನುವವನು ಆ ಪುಸ್ತಕವನ್ನೂ ಓದಿದವನಾಗಿರಬೇಕು.